ಕೊಟ್ಟ ಮಗನ ರಕ್ತ

ನನ್ನ ಮಗಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಮಾನ್ವಿಗೆ ಕೊಟ್ಟ ಮಗಳು, ಅಲ್ಲೇ ಶಾಲೆಯಲ್ಲಿ ಟೀಚರ್. ಮೊದಲು ಜ್ವರ ಅಂದರು, ಆಮೇಲೆ ಮೈಯಲ್ಲಿ ರಕ್ತ ಕಡಿಮೆ ಅಂದರು. ವಸಡಿನಿಂದ ರಕ್ತ ಬರತೊಡಗಿದಾಗ ರಾಯಚೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ರೋಗದ ಹೆಸರು ಹೇಳಿ ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದರು. ನಾನು ದೇವದುರ್ಗದ ಮನೆಗೆ ಬೀಗ ಹಾಕಿ ಅವಳ ಜೊತೆ ನಿಂತೆ. ಹೋಗಿ ಬರಲು ಅನುಕೂಲ ಆಗಲೆಂದು ಅಳಿಯ ರಾಯಚೂರಿನ ಸ್ಟೇಷನ್ ಹತ್ತಿರ ಬಾಡಿಗೆಗೆ ಒಂದು ಖೋಲಿ ಹಿಡಿದ.

ಔಷಧ ಹಾಕಿದರು. ಕೂದಲು ಹೋಯಿತು, ರೋಗ ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ಡಾಕ್ಟರು ಹೆಣ್ಣುಮಗಳು, ತೆಲುಗಿನವರು, ಕನ್ನಡ ಬರುತ್ತಿತ್ತು. ಇನ್ನೊಬ್ಬರ ಮೈಯಿಂದ ರಕ್ತದ ಬೀಜ ತೆಗೆದು ಇವಳಿಗೆ ಹಾಕಬೇಕು, ಒಡಹುಟ್ಟಿದವರದು ಹೊಂದಿದರೆ ಬಹಳ ಒಳ್ಳೆಯದು ಎಂದರು.

"ಅಣ್ಣ ತಮ್ಮ, ಅಕ್ಕ ತಂಗಿ ಎಷ್ಟು ಮಂದಿ ಇದ್ದಾರೆ?"

"ಯಾರೂ ಇಲ್ರಿ" ಅಂದೆ. ಮಗಳೂ ಇಲ್ಲ ಅಂದಳು. ಅಳಿಯನೂ ಇಲ್ಲ ಅಂದ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

ನಮ್ಮಲ್ಲಿ ತಂಗಿಗೆ ಮಕ್ಕಳಾಗದಿದ್ದರೆ ಅಕ್ಕ ಒಂದು ಮಗು ಕೊಡುತ್ತಾಳೆ. ತಂಗಿಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿ, ಮೇಲೆ ಮಗುವನ್ನು ಮಲಗಿಸಿ, "ಇದು ನಿನ್ನದು, ನಾನು ಹಡೆದಿಲ್ಲ" ಎಂದು ಎಲ್ಲರ ಮುಂದೆ ಅನ್ನಬೇಕು. ಅಂದ ಮೇಲೆ ಆ ಮಗುವನ್ನು ನಮ್ಮ ಲೆಕ್ಕಕ್ಕೆ ಹಿಡಿಯಬಾರದು. ಎಷ್ಟು ಮಕ್ಕಳು ಎಂದು ಕೇಳಿದರೆ ಅದನ್ನು ಬಿಟ್ಟು ಹೇಳಬೇಕು. ಸೇರಿಸಿ ಹೇಳಿದರೆ ಆ ಮನೆಯಲ್ಲಿ ಮಗು ಬದುಕುವುದಿಲ್ಲ ಎಂದು ಹಿರಿಯರಿಗೆ ಭಯ. ನಾನು ನನ್ನ ಚೊಚ್ಚಲ ಗಂಡುಮಗುವನ್ನು ಕಲ್ಲೂರಿನ ತಂಗಿಗೆ ಕೊಟ್ಟಿದ್ದೆ. ಅದು ತಪ್ಪು ಎಂದು ನನಗೆ ಅನ್ನಿಸಿಲ್ಲ, ಈಗಲೂ ಅನ್ನಿಸುವುದಿಲ್ಲ. ಅವಳು ಚೆನ್ನಾಗಿ ಬೆಳೆಸಿದಳು. ಅವನು ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ನನ್ನನ್ನು ದೊಡ್ಡವ್ವ ಅನ್ನುತ್ತಾನೆ. ಎಲ್ಲರಿಗೂ ಗೊತ್ತಿರುವ ಮಾತು, ಯಾರೂ ಆಡುವುದಿಲ್ಲ.

ಹೀಗಾಗಿ ಡಾಕ್ಟರು ಬೇರೆ ಕಡೆ ಹುಡುಕಿದರು. ಹೊರಗಿನವರದು ಯಾರದೂ ಹೊಂದಲಿಲ್ಲ. ನನ್ನದು ಅರ್ಧ ಹೊಂದುತ್ತದೆ ಎಂದರು. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು, ರೋಗ ಇನ್ನೊಮ್ಮೆ ತಲೆ ಎತ್ತಿತ್ತು. ಬೇರೆ ದಾರಿಯಿಲ್ಲ, ನಿಮ್ಮದನ್ನೇ ತೆಗೆಯೋಣ ಎಂದು ನನ್ನ ಆರೋಗ್ಯ ವಿಚಾರಿಸಲು ಕೂಡಿಸಿಕೊಂಡರು. ಬಿ.ಪಿ. ಕೇಳಿದರು, ಸಕ್ಕರೆ ಕಾಯಿಲೆ ಕೇಳಿದರು. ಆಮೇಲೆ, "ಹೆರಿಗೆ ಎಷ್ಟು ಆಗಿವೆ?"

"ಎರಡು."

"ಇನ್ನೊಂದು ಮಗು ತೀರಿಹೋಯಿತಾ ಅಮ್ಮಾ?"

"ಯಾಕ ತೀರತದ್ರಿ. ಗಟ್ಟಿ ಅದಾನ. ಶಕ್ತಿನಗರದಾಗ ದುಡಿತಾನ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಡಹುಟ್ಟಿದವರು ಇಲ್ಲ ಅಂದಿದ್ದಿರಲ್ಲ?"

"ಅವ ನನ್ನ ತಂಗಿ ಮಗರಿ."

"ಹಡೆದವರು ಯಾರು?"

"ನಾನು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವತ್ತೇ ಕರೆಸಿ" ಎಂದರು.

ಕರೆಸಲು ನನಗೆ ಹಕ್ಕಿಲ್ಲ. ಕೊಟ್ಟ ಮಗನಿಂದ ಹಡೆದವಳು ಏನನ್ನೂ ಕೇಳಬಾರದು. ಕೇಳುವುದಿದ್ದರೆ ತಂಗಿಯನ್ನು ಕೇಳಬೇಕು. ರಾಯಚೂರಿನಲ್ಲಿ ಬಸ್ಸು ಬದಲಿಸಿ ಕಲ್ಲೂರಿಗೆ ಹೋದೆ. ತಂಗಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಕೊಟ್ಟ ಮ್ಯಾಲೆ ಕೇಳಾಂಗಿಲ್ಲ ಅಂತ ಯಾರು ಅಂದಿದ್ರು, ಅಕ್ಕಾ?"

"ನಾನ ಅಂದಿದ್ದೆ."

"ಮತ್ತ ಈಗ?"

"ಈಗ ಕೇಳಾಕತ್ತೀನಿ. ಹುಡುಗಿ ಸಾಯಾಕತ್ತಾಳ."

"ಇವತ್ತ ರಕ್ತ ಅಂತೀದಿ. ನಾಳೆ ಮಗನ್ನ ಕೊಡು ಅಂತೀದಿ."

"ನಿನ್ನ ಮಗ ನನಗ್ಯಾಕ ಬೇಕಬೇ. ಅವನ ಹೊಟ್ಟಿ ತುಂಬಿಸೋದು ನನ್ನ ಕೈಲಿ ಆಗಾಂಗಿಲ್ಲ."

ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು. ಮೆಣಸಿನಕಾಯಿಯ ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡಳು. ನಾನು ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅಷ್ಟರಲ್ಲಿ ಕೆಲಸ ಮುಗಿಸಿಕೊಂಡು ಅವನೇ ಬಂದ. ಮೈಮೇಲೆಲ್ಲ ಕಾರ್ಖಾನೆಯ ಕಲ್ಲಿದ್ದಲ ಬೂದಿ. ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತ. ತಂಗಿಯೇ ಹೇಳಿದಳು.

"ನನ್ನ ಮೈಯಾಗಿನ ರಕ್ತಕ್ಕ ನೀವಿಬ್ರು ಯಾಕ ಜಗಳ ಮಾಡ್ತೀರಿ" ಅಂದ. "ಎದ್ದೇಳು ಯವ್ವಾ, ಬುತ್ತಿ ಕಟ್ಟು. ದೊಡ್ಡವ್ವನ ಕೂಡ ಹೋಗಿ ಬರ್ತೀನಿ."

ಅವನದು ಪೂರಾ ಹೊಂದಿತು.

ಅವನ ರಕ್ತದ ಬೀಜ ಅವಳ ಮೈಯಲ್ಲಿ ಹಿಡಿಯಿತು. ರಾಯಚೂರಿನ ಖೋಲಿಗೆ ವಾಪಸ್ ಬಂದಳು, ತಲೆಯಲ್ಲಿ ಹೊಸ ಕೂದಲು ಬಂತು. ನಾನು ಮಾಡಿದ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದಳು. ಆಗ ಬದುಕುತ್ತಾಳೆ ಅಂದುಕೊಂಡೆ. ಅಲ್ಲಿಂದಲೇ ಬಸ್ಸಿನಲ್ಲಿ ಮಾನ್ವಿಯ ಶಾಲೆಗೂ ಹೋಗತೊಡಗಿದಳು. ಮುಂದಿನ ಬೇಸಿಗೆಯಲ್ಲಿ ರೋಗ ತಿರುಗಿ ಬಂತು. ಮೊದಲೇ ಹಾಕಿದ್ದರೆ ಬರುತ್ತಿರಲಿಲ್ಲವಾ ಎಂದು ಕೇಳಿದೆ. ಹೇಳಲಾಗುವುದಿಲ್ಲ, ಆದರೆ ರೋಗ ಕಡಿಮೆ ಇದ್ದಾಗ ಹಾಕುವುದು ಒಳ್ಳೆಯದಿತ್ತು ಎಂದರು ಡಾಕ್ಟರು.

ಉಳಿದಿದ್ದು ಒಂದೇ ದಾರಿ. ರಕ್ತದಲ್ಲಿ ಬಿಳಿಯ ಕಣಗಳಿರುತ್ತವಂತೆ, ಮೈಯಲ್ಲಿ ಬೇರೆಯದು ಏನು ಹೊಕ್ಕರೂ ಗುರುತು ಹಿಡಿದು ಬಡಿಯುತ್ತವಂತೆ. ಅವಳ ಅಣ್ಣನ ಮೈಯಿಂದ ಅವನ್ನಷ್ಟೇ ತೆಗೆದು ಹಾಕಿದರೆ, ಅವು ಕ್ಯಾನ್ಸರನ್ನು ಹುಡುಕಿ ಕೊಲ್ಲಬಹುದು. "ಆದರೆ ಅಮ್ಮಾ, ಅವು ಮಗಳ ಮೈಯನ್ನೇ ಬೇರೆಯವರದು ಅಂದುಕೊಂಡು ಬಡಿಯಬಹುದು. ಅದು ನಮ್ಮ ಕೈಯಲ್ಲಿಲ್ಲ" ಎಂದು ಬಿಡಿಸಿ ಹೇಳಿದರು. ಮಗಳು ಹಾಕಿ ಅಂದಳು.

ಅವನು ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಿಷನ್ನಿನ ಪಕ್ಕ ಮಲಗಿದ. ಒಂದು ತೋಳಿನಿಂದ ರಕ್ತ ಹೋಗುವುದು, ಬೇಕಾದ್ದನ್ನು ಮಿಷನ್ನು ಇಟ್ಟುಕೊಳ್ಳುವುದು, ಮಿಕ್ಕಿದ್ದು ಇನ್ನೊಂದು ತೋಳಿನಿಂದ ಒಳಗೆ ಬರುವುದು. ಅಂಗೈಯಗಲದ ಚೀಲದಲ್ಲಿ ಮಸುಕು ಬಣ್ಣದ ನೀರು ಬಂತು. ಅದನ್ನು ಮಗಳಿಗೆ ಏರಿಸಿದರು.

"ಇಷ್ಟಕ್ಕ ಇಷ್ಟು ದಿಮಾಕು ಮಾಡಿದ್ಯಾ ಅಣ್ಣಾ?" ಅಂದಳು.

"ಬೂದಿ ಸೇರೇದ ನೋಡು, ಕೆಮ್ಮು ಬರ್ತದ" ಅಂದ ಅವನು.

ರೋಗ ಹೋಯಿತು. ಅದು ನಿಜವಾಗಿ ಹೋಯಿತು. ಮೂಳೆಯೊಳಗಿನದನ್ನು ತೆಗೆದು ನೋಡಿ ಡಾಕ್ಟರು ಕ್ಯಾನ್ಸರ್ ಇಲ್ಲ ಎಂದರು. ಆದರೆ ಅಷ್ಟರಲ್ಲಿ ಅವಳ ಅಂಗೈ, ಅಂಗಾಲು ಸುಟ್ಟ ಹಾಗೆ ಕೆಂಪಾಗಿದ್ದವು. ಆಮೇಲೆ ಚರ್ಮ ಸುಲಿಯಿತು, ಕಣ್ಣು ಹಳದಿಯಾದವು, ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವನ ಕಣಗಳನ್ನು ತಡೆಯಲು ಔಷಧ ಹಾಕಿದರು, ಇನ್ನೂ ಜೋರಿನದು ಹಾಕಿದರು. ಅವು ನಿಲ್ಲಲಿಲ್ಲ. ಕಡೆಗೆ ಮನೆಗೆ ಹೋಗುತ್ತೇನೆ ಅಂದಳು. ಮಾನ್ವಿಯವರೆಗೆ ಆಗಲಿಲ್ಲ. ರಾಯಚೂರಿನ ಖೋಲಿಯಲ್ಲಿ, ಬೆಳಿಗ್ಗೆ, ನಾನು ತುಟಿಗೆ ನೀರು ಹಚ್ಚುತ್ತಿದ್ದಾಗ ಹೋದಳು.

ನೋಡಲು ಬಂದ ಜನ ಬಾಯಿಗೆ ಬಂದದ್ದು ಆಡಿದರು. ಬಿಟ್ಟುಕೊಟ್ಟ ಮಗ ಒಳಗೆ ಸಿಟ್ಟು ಇಟ್ಟುಕೊಂಡಿದ್ದ, ರಕ್ತ ಅದನ್ನು ತೋರಿಸಿತು ಎಂದರು. ಅವನ ಕಿವಿಗೂ ಅದು ಬಿತ್ತು. ಖೋಲಿಯ ಮೆಟ್ಟಿಲ ಮೇಲೆ ಕೂತು ಕೇಳಿದ.

"ನನ್ನ ರಕ್ತ ಆಕಿನ್ನ ಗುರ್ತು ಹಿಡೀಲಿಲ್ಲೇನು ದೊಡ್ಡವ್ವ? ಒಂದ ಮನ್ಯಾಗ ಬೆಳದಿದ್ರ ಹಿಡೀತಿತ್ತೇನು?"

"ಒಂದ ಮನ್ಯಾಗ ಬೆಳದವರಿಗೂ ಹಿಂಗ ಆಗ್ತದಂತ. ಡಾಕ್ಟರ್ನ ಕೇಳೀನಿ."

"ನಂಗ ಸಿಟ್ಟು ಇತ್ತು, ಸಣ್ಣವ ಇದ್ದಾಗ."

"ಇರಬೇಕಾದ್ದ. ಅದು ರಕ್ತದಾಗ ಇರಾಂಗಿಲ್ಲ. ಏಳು, ಮಾನ್ವಿಗೆ ಒಯ್ಯೋ ಗಾಡಿ ಬಂತು."

ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ.

ಮಾನ್ವಿಯಲ್ಲಿ ಅವಳನ್ನು ಅಂಗಳದಲ್ಲಿ ಮಲಗಿಸಿದ ಮೇಲೆ ಬೀಗರು ಕೇಳಿದರು, ತವರಿನ ಸೀರೆ ಬಂದಿದೆಯಾ ಎಂದು. ಗಂಡ ಇರುವಾಗ ಹೆಂಡತಿ ಸತ್ತರೆ ಕಡೆಯ ಸೀರೆಯನ್ನು ಒಡಹುಟ್ಟಿದವನು ತಂದು ಹೊದಿಸಬೇಕು. ನಾನು ಬರಿಗೈಯಲ್ಲಿ ಬಂದಿದ್ದೆ. ಬೀಗರಲ್ಲಿ ಒಬ್ಬ ಹಿರಿಯ, "ಒಡಹುಟ್ಟಿದವರು ಇಲ್ಲಲ್ಲ, ಯಾರಾರ ತರಲಿ" ಅಂದ.

ನಾನು ಬಾಯಿ ತೆರೆಯುವ ಮೊದಲೇ ನನ್ನ ತಂಗಿ ಎದ್ದು ನಿಂತಳು. "ಅದಾನ್ರಿ" ಅಂದಳು. "ನನ್ನ ಮಗ ಆಕಿ ಒಡಹುಟ್ಟಿದವ. ಹೋಗಪ್ಪಾ, ತಗೊಂಡು ಬಾ."

ಅವನು ಬಜಾರಿಗೆ ಹೋದ. ಅಂಗಡಿಯಿಂದ ನನಗೆ ಫೋನ್ ಮಾಡಿದ.

"ಆಕಿಗೆ ಯಾವ ಬಣ್ಣ ಸೇರ್ತಿತ್ತು, ದೊಡ್ಡವ್ವ?"

ಅವಳಿಗೆ ಕಂದು ಬಣ್ಣ ಇಷ್ಟ, ಮುದುಕಿಯ ಬಣ್ಣ ಎಂದು ನಾನು ಬೈಯುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

"ಹಸಿರು ತಾ" ಅಂದೆ. "ಮುತ್ತೈದಿಗೆ ಹಸಿರ ಹಾಕೋದು. ಬ್ಯಾರೆ ಏನೂ ನೋಡಬ್ಯಾಡ, ಲಗೂನ ಬಾ."