ಅಜ್ಜಿಯ ಕರಡಿಗೆ, ನನ್ನ ಬಾಯಿ

ಆ ಮಧ್ಯಾಹ್ನ ನಾನು ಅಜ್ಜಿಯನ್ನು ವಾದದಲ್ಲಿ ಸೋಲಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ನಾವು ದುಬೈನಲ್ಲಿದ್ದೆವು. ರಾಯಚೂರು, ಮಾನ್ವಿ, ದೇವದುರ್ಗದ ಮಂದಿಯನ್ನು ಒಟ್ಟುಗೂಡಿಸಿಕೊಂಡು ಹೊರಟ ನಾಲ್ಕು ದಿನದ ಪ್ರವಾಸ. ಒಂದು ಬಸ್ಸು, ಒಬ್ಬ ಗೈಡು. ನಮ್ಮ ಮನೆಯಿಂದ ನಾಲ್ವರು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ರಾಯಚೂರಿನಲ್ಲಿ ಕಾನೂನು ಓದುತ್ತ, ಚರ್ಚಾ ಸ್ಪರ್ಧೆ ಇದೆಯೆಂದರೆ ಯಾವ ಊರಿಗಾದರೂ ಬಸ್ಸು ಹತ್ತುವ ನಾನು. ನಮ್ಮ ಮನೆಯಲ್ಲಿ ದೇವರ ಬಗ್ಗೆ ಪ್ರಶ್ನೆ ಕೇಳುವವಳು ನಾನೊಬ್ಬಳೇ. ಉಳಿದವರು ಅದನ್ನು ಕಾಲೇಜಿನಿಂದ ಬಂದ ಕೆಮ್ಮಿನಂತೆ ಸಹಿಸಿಕೊಂಡಿದ್ದರು.

ಮೂರನೆಯ ದಿನ ಒಂದು ಎತ್ತರದ ಕಟ್ಟಡದ ತುದಿಗೆ ಹತ್ತುವ ಕಾರ್ಯಕ್ರಮ. ಹತ್ತಿ ಇಳಿಯಲು ಮುಕ್ಕಾಲು ತಾಸು, ಇಳಿದ ತಕ್ಷಣ ಊಟ ಎಂದು ಗೈಡು ಹೇಳಿದ್ದ. ಅವನ ಮಾತು ನಂಬಿ ಸಾಲಿನಲ್ಲಿ ನಿಂತಾಗಲೇ ಅಜ್ಜಿಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿಸಿದ್ದೆ. ಅದನ್ನು ನುಂಗಿದ ಮುಕ್ಕಾಲು ತಾಸಿನೊಳಗೆ ಅವಳು ಉಣ್ಣಲೇಬೇಕು.

ಮುಂದೆ ತಪಾಸಣೆಯ ಬಾಗಿಲು. ಮೈಮೇಲಿನ ಲೋಹವನ್ನೆಲ್ಲ, ಬೂಟನ್ನೂ, ಟ್ರೇಗೆ ಹಾಕಿ ಯಂತ್ರದೊಳಗೆ ಕಳಿಸಬೇಕು. ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೇವದುರ್ಗದ ಹತ್ತಿರದ ತವರಿನಲ್ಲಿ ಸಣ್ಣವಳಿದ್ದಾಗ ಕಟ್ಟಿದ್ದು. ಲಿಂಗ ಮೈಮೇಲೆ ಇಲ್ಲದಾಗ ಅವಳು ಹನಿ ನೀರನ್ನೂ ಮುಟ್ಟುವುದಿಲ್ಲ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಕರಡಿಗೆ ಕಂಡದ್ದೇ ಕೈಮುಗಿದು ಬಿಟ್ಟಿದ್ದಳು. ಇಲ್ಲಿ ಯಾರೂ ಕೈಮುಗಿಯಲಿಲ್ಲ.

"ನಾ ತಗಿಯಂಗಿಲ್ಲ," ಅಂದಳು ಅಜ್ಜಿ.

"ಅಮ್ಮಾ, ಟೈಮ್ ಖರಾಬ್ ನಕ್ಕೋ ಕರೋ," ಅಂದ ಗೈಡು. ಹೊತ್ತು ಹಾಳು ಮಾಡಬೇಡಿ. ಹೈದರಾಬಾದಿನವನು, ಕೈಯಲ್ಲಿ ಕೋಲಿಗೆ ಕಟ್ಟಿದ ಕೆಂಪು ಕರ್ಚೀಫು. ಹಿಂದಿನಿಂದ ನಮ್ಮ ತಂಡದ ಪೋತ್ನಾಳದ ಗೊಬ್ಬರದಂಗಡಿಯವರು ಕೂಗಿದರು: "ಏನ್ರಿ, ಸಂಜಿತನಾ ಇಲ್ಲೇ ನಿಲ್ಲೂದೇನು?"

ಹಾಗಾಗಿ ನಾನು ಶುರು ಮಾಡಿದೆ.

"ಅಜ್ಜೀ, ಶಿವ ಎಲ್ಲಾ ಕಡೆ ಅದಾನೋ ಇಲ್ಲೋ?"

"ಅದಾನ."

"ಈ ಟ್ರೇದಾಗ?"

ಅಜ್ಜಿ ಟ್ರೇ ನೋಡಿದಳು. ಅದರಲ್ಲಿ ಗೊಬ್ಬರದಂಗಡಿಯವರ ಬೂಟು, ಮೇಲೆ ಅಪ್ಪನ ಚರ್ಮದ ಬೆಲ್ಟು. "ಅದಾನ," ಅಂದಳು, ಸಣ್ಣ ದನಿಯಲ್ಲಿ.

"ಮತ್ತ ಅದರಾಗ ಇಡಾಕ ಏನ್ ಅಡ್ಡಿ? ಶಿವನ್ನ ಶಿವನ ಹತ್ರಾನೇ ಕೊಟ್ಟಂಗ ಆತು. ಎರಡು ನಿಮಿಷ. ಇಲ್ಲಾ, ಅಂವ ಎಲ್ಲಾ ಕಡೆ ಇಲ್ಲ ಅಂತ ಒಪ್ಕೋ."

ಅಜ್ಜಿ ಬಾಯಿ ತೆರೆದು ಮುಚ್ಚಿದಳು. ಕರಡಿಗೆ ತೂಗುವ ಶಿವದಾರದ ಗಂಟಿಗೆ ಅವಳ ಕೈ ಹೋದದ್ದು ಕಂಡೆ. ಎದುರಾಳಿ ಸುಮ್ಮನಾದರೆ ಅದು ಗೆಲುವು ಎಂದು ನಮಗೆ ಕಲಿಸಿದ್ದಾರೆ. ಟ್ರೇ ಜೋಡಿಸುತ್ತಿದ್ದ ಹೆಂಗಸು ನಕ್ಕಳು. ಅವ್ವನ ವಯಸ್ಸಿನವಳು. ಮೊದಲೇ ಅಜ್ಜಿಯನ್ನು ತೆಲುಗಿನಲ್ಲಿ ಯಾವೂರು ಎಂದು ಕೇಳಿ, ತನ್ನದು ಗದ್ವಾಲದ ಕಡೆ ಎಂದಿದ್ದಳು; ರಾಯಚೂರಿನಿಂದ ಹೊಳೆ ದಾಟಿದರೆ ಅವರ ಸೀಮೆ. ಅಷ್ಟರಲ್ಲಿ ನನ್ನ ಸರದಿ ಬಂತು. ನಾನು ಗಡಿಯಾರ ಬಿಚ್ಚಿ ಒಳಗೆ ಹೋದೆ.

ನನ್ನ ಹಿಂದೆ ಅಜ್ಜಿ ದಾಟಿದಾಗ ಯಂತ್ರ ಕೂಗಿತು. ಅವಳ ಮೊಣಕಾಲಿನಲ್ಲಿ ಉಕ್ಕಿದೆ. ಪರದೆಯ ಹಿಂದೆ ಕರೆದುಕೊಂಡು ಹೋದರು. ಟ್ರೇಗಳು ಒಂದೊಂದೇ ಹೊರಬಂದವು. ಬೂಟು, ಬೆಲ್ಟು, ಅವ್ವನ ಬಳೆ, ನನ್ನ ಗಡಿಯಾರ. ಕೊನೆಯ ಟ್ರೇ ಖಾಲಿ.

ಅವ್ವನ ಚೀಲ ನೋಡಿದೆ. ಅಪ್ಪನ ಕಿಸೆ ನೋಡಿದೆ. ಬಗ್ಗಿ ಯಂತ್ರದ ಬಾಯೊಳಗೆ ಇಣುಕಿದೆ, ಕಾವಲಿನವನು ಗದರಿದ. ಕರಡಿಗೆ ಇರಲಿಲ್ಲ.

ಅಪ್ಪ ನನ್ನ ತೋಳು ಹಿಡಿದು ಬದಿಗೆ ಎಳೆದರು. "ಲೇ, ಅಜ್ಜಿಗೆ ಗೊತ್ತಾಗಬಾರ್ದು. ಗೊತ್ತಾತಂದ್ರ ಇಲ್ಲೇ ಕುಂದರ್ತಾಳ, ನೀರು ಮುಟ್ಟಂಗಿಲ್ಲ. ಗುಳಿಗಿ ಬ್ಯಾರೆ ತಗೊಂಡಾಳ."

"ಕೊಳ್ಳಾಗ ಇಲ್ಲಂತ ಅಕಿಗೆ ಗೊತ್ತಾಗಂಗಿಲ್ಲೇನು?"

"ನಿನ್ನ ಹತ್ರ ಅದ ಅಂದ್ಕೋತಾಳ. ನಾವು ಮ್ಯಾಲ ಕರ್ಕೊಂಡು ಹೋಗ್ತೀವಿ. ಅಷ್ಟರಾಗ ನೀ ಇಲ್ಲಿದ್ದು ಹುಡುಕು. ಮಾತಾಡಾಕ ನಿನಗ ಹೇಳಿಕೊಡಬೇಕೇನು?"

ಪರದೆಯಿಂದ ಹೊರಬಂದ ಅಜ್ಜಿ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು.

ತಪಾಸಣೆಯ ಮೇಲ್ವಿಚಾರಕ ಎತ್ತರದ ಮನುಷ್ಯ, ಇಂಗ್ಲಿಷಿನಲ್ಲಿ ತಣ್ಣಗೆ ಮಾತಾಡುವವನು. ಕ್ಯಾಮೆರಾದ ದೃಶ್ಯ ದಾಖಲೆ ತೆಗೆಸಲು ಸಮಯ ಬೇಕು, ಮೊದಲು ಒಂದು ಅರ್ಜಿ ತುಂಬಿ ಎಂದ. ಯಾರ ಮೇಲಾದರೂ ಅನುಮಾನವೇ ಎಂದು ಕೇಳಿದ. ನಾನು ವೇದಿಕೆಯ ಮೇಲೆ ನಿಂತಂತೆ ಬೆರಳು ಮಡಚುತ್ತ ಹೇಳಿದೆ. ವಸ್ತು ಟ್ರೇಯಲ್ಲಿತ್ತು. ಟ್ರೇ ಖಾಲಿ ಬಂತು. ನಡುವೆ ಟ್ರೇ ಮುಟ್ಟಿದ ಕೈ ಒಂದೇ ಜೋಡಿ. ಅದು ಬೆಳ್ಳಿಯದೆಂದು ಆ ಕೈಯವಳಿಗೆ ತಿಳಿದಿತ್ತು, ಯಾಕೆಂದರೆ ನಮ್ಮ ಮಾತು ಕೇಳಿ ಅವಳು ನಕ್ಕಳು.

ಅವನು ಬರೆದುಕೊಂಡ. ಬರೆದುಕೊಳ್ಳುವವರನ್ನು ಕಂಡರೆ ನನಗೆ ಇನ್ನಷ್ಟು ಮಾತು ಬರುತ್ತದೆ.

ಗದ್ವಾಲದ ಹೆಂಗಸನ್ನು ಗಾಜಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಮೇಲಂಗಿಯ ಕಿಸೆ ಖಾಲಿ ಮಾಡಿಸಿದರು. ಮೇಜಿನ ಮೇಲೆ ಬಿದ್ದದ್ದು ನೋವಿನ ಮುಲಾಮು, ಬಸ್ಸಿನ ಕಾರ್ಡು, ಕಾಗದದಲ್ಲಿ ಸುತ್ತಿದ ಅರ್ಧ ಚಪಾತಿ. ಅವಳು ನನ್ನ ಕಡೆ ತಿರುಗಿ, "ನೇನು ತೀಯಲೇದಮ್ಮಾ," ಅಂದಳು. ನಾನು ತೆಗೆದಿಲ್ಲ. ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು: ಆರೋಪ ಹೊತ್ತವರೆಲ್ಲ ಹಾಗೇ ಹೇಳುತ್ತಾರೆ. ಪುಣ್ಯಕ್ಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಹೇಳಿಕೊಂಡದ್ದಂತೂ ನಿಜ.

ಫೋನು ಬಂತು. ಅವ್ವ.

"ಸಿಕ್ತೇನು?"

"ಇಲ್ಲ. ಅಜ್ಜಿ?"

"ನೀರು ಕೊಟ್ರ ಬ್ಯಾಡ ಅಂತಾಳ. ಖರ್ಜೂರ ಕೊಟ್ಟೆ, ಮುಟ್ಟವಲ್ಲಳು. ಕೈ ನಡುಗಾಕತ್ತಾವ. ಅಕಿಗೆ ಗೊತ್ತಾಗ್ಯಾದ ಅನಸ್ತದ ನನಗ."

"ಕೆಳಗ ಕರ್ಕೊಂಡು ಬಾ."

"ಲಿಫ್ಟಿಗೆ ಪಾಳೆ ಅದ ಬೇ, ಭಾಳ ಮಂದಿ!"

ಗಡಿಯಾರ ನೋಡಿದೆ. ಗುಳಿಗೆ ನುಂಗಿ ಒಂದು ತಾಸಾಗಿತ್ತು. ಮೇಲ್ವಿಚಾರಕನ ಮೇಜಿಗೆ ಕೈಯೂರಿ ದನಿ ಏರಿಸಿದೆ. ವಯಸ್ಸಾದವಳಿಗೆ ಏನಾದರೂ ಆದರೆ ನೀವೇ ಹೊಣೆ ಅಂದೆ. ಆ ಹೆಂಗಸಿನ ಬೀಗದ ಪೆಟ್ಟಿಗೆ ತೆರೆಸಿ ಅಂದೆ. ಅವನು ಫೋನಿನಲ್ಲಿ ಯಾರಿಗೋ ಹೇಳಿದ. ಗಾಜಿನ ಆಚೆ ಅವಳು ತನ್ನ ಸೊಂಟದ ಕೀಲಿ ತೆಗೆದು ಕೊಡುವುದು ಕಂಡಿತು.

ಅಷ್ಟರಲ್ಲಿ ಅಜ್ಜಿಯನ್ನು ಗಾಲಿ ಕುರ್ಚಿಯಲ್ಲಿ ಇಳಿಸಿಕೊಂಡು ಬಂದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ತುಟಿ ಒಣಗಿತ್ತು. ಗೈಡು ಹಣ್ಣಿನ ರಸದ ಲೋಟ ಹಿಡಿದು ಪಕ್ಕದಲ್ಲೇ ಓಡಿಬರುತ್ತಿದ್ದ. ಕೆಂಪು ಕರ್ಚೀಫಿನ ಕೋಲು ಎಲ್ಲೋ ಬಿಟ್ಟಿದ್ದ. ಅವ್ವ ಲೋಟವನ್ನು ಬಾಯಿಗೆ ಹಿಡಿದಳು. ಅಜ್ಜಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ನಾನು ಅವಳ ಮುಂದೆ ಮಂಡಿಯೂರಿದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಅಜ್ಜೀ, ಲಿಂಗ ಕಳದದ. ಟ್ರೇದಾಗಿಂದ ಯಾರೋ ತಗೊಂಡಾರ. ಹುಡುಕಸಾಕತ್ತೀನಿ. ನೀ ಇದೊಂದು ಗುಟುಕು..."

ಅಜ್ಜಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಟ್ರೇದಾಗ ಯಾರಿಟ್ರು?"

"ನೀನ."

"ನಾ ಯಾಕ ಇಡ್ಲಿ, ಚಪ್ಲಿ ಜೋಡಿ? ಆ ಬಳಿಯಂಗಡಿ ಹುಡುಗಿ ಕೈಯಾಗ ಕೊಟ್ಟೀನಿ."

ನಮ್ಮ ತಂಡದಲ್ಲಿ ಮಾನ್ವಿಯ ಬಳೆ ಅಂಗಡಿಯ ಮುಸ್ಲಿಂ ದಂಪತಿ ಇದ್ದರು. ಅವಳು ಐದು ತಿಂಗಳ ಬಸುರಿ. ಯಂತ್ರದ ಬಾಗಿಲು ದಾಟುವುದಿಲ್ಲ, ಹೊರಗೇ ಕೂರುತ್ತೇನೆ ಎಂದು ಹಟ ಹಿಡಿದು ಉಳಿದಿದ್ದಳು. ಅದರಿಂದ ಏನೂ ಆಗುವುದಿಲ್ಲ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಅವಳೊಂದಿಗೂ ನಾನು ವಾದ ಮಾಡಿದ್ದೆ. ಮಧ್ಯಾಹ್ನದ ನಮಾಜಿಗೆಂದು ಕೈಕಾಲು ಮುಖ ತೊಳೆದುಕೊಂಡು, ಇನ್ನೂ ನೀರು ಆರದ ಕೈಯಲ್ಲಿ, ಅವಳು ಸಾಲಿನ ಪಕ್ಕ ಗಂಡನಿಗೆ ಏನೋ ಹೇಳಲು ಬಂದಿದ್ದಳಂತೆ. ನಾನು ಗಡಿಯಾರ ಬಿಚ್ಚುತ್ತಿದ್ದಾಗ ಅಜ್ಜಿ ಕರಡಿಗೆಯನ್ನು ತನ್ನ ಕರ್ಚೀಫಿನಲ್ಲಿ ಕಟ್ಟಿ ಅವಳ ಅಂಗೈಯಲ್ಲಿ ಇಟ್ಟಿದ್ದಳು. ಇದನ್ನು ಸೌಹಾರ್ದದ ಭಾಷಣಕ್ಕೆ ಬಳಸಿಕೊಳ್ಳುವ ಇಚ್ಛೆ ನನಗಿಲ್ಲ. ಅಜ್ಜಿಯ ವಿಚಾರ ಸರಳ: ಟ್ರೇಯಲ್ಲಿ ಬೂಟಿತ್ತು, ಈ ಕೈ ಆಗಷ್ಟೇ ತೊಳೆದದ್ದು.

"ಮತ್ತ ಹೇಳಬಾರ್ದೇನು ಯವ್ವಾ!" ಅಂದರು ಅಪ್ಪ.

"ಯಾರಿಗೆ ಹೇಳ್ಲಿ? ಇಕಿಗೇನು? ಮೊನ್ನಿ ಮತ್ತೊಬ್ರು ಮುಟ್ಟಬಾರ್ದು ಅಂದಿ, ಇವತ್ತ ಹೆಂಗ ಕೊಟ್ಟಿ ಅಂತ ಶುರು ಮಾಡ್ತಿದ್ದಳು. ಇಕಿ ಬಾಯಿಗೆ ಯಾರು ಉತ್ತರ ಕೊಡ್ಬೇಕು? ನಿಮಗ ಹೇಳಿದ್ರೂ ಇಕಿ ಕಿವಿಗೆ ಬೀಳ್ತದ. ಕೆಳಗಿಳದ ಮ್ಯಾಲ ಸುಮ್ನ ಇಸ್ಕೊಂಡ್ರ ಆತು ಅಂದ್ಕೊಂಡೆ."

ಅಪ್ಪ ಹೊರಗೆ ಓಡಿದರು. ಯಂತ್ರದ ಪಕ್ಕದ ದಾರಿಯಿಂದ ಅವರ ಹಿಂದೆಯೇ ಬಳೆ ಅಂಗಡಿಯವಳು ಬಂದಳು, ಕರ್ಚೀಫಿನ ಗಂಟನ್ನು ಎರಡು ಅಂಗೈಗಳ ನಡುವೆ ಹಿಡಿದು. ಇಷ್ಟು ಹೊತ್ತೂ ಅದನ್ನು ಎಲ್ಲಿಯೂ ಇಟ್ಟಿರಲಿಲ್ಲ.

"ಕೆಳಗ ಇಡಬ್ಯಾಡ ಅಂದಿದ್ರಿ ಅಮ್ಮಾ, ಇಟ್ಟಿಲ್ರಿ."

"ನಿನ್ನ ನಮಾಜು?"

"ಟೈಮ್ ಅದ ಬಿಡ್ರಿ, ಈಗ ಹೋಗ್ತೀನಿ."

ಅಜ್ಜಿ ಗಂಟು ಬಿಚ್ಚಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ದಾರ ಕಟ್ಟಲು ಬೆರಳು ಕೇಳಲಿಲ್ಲ. ಅವ್ವ ಕಟ್ಟಿದಳು. ಗೈಡು ಮೇಲಕ್ಕೆ ನೋಡಿ ಉಸಿರುಬಿಟ್ಟ. ಅವ್ವ ಲೋಟ ಮುಂದೆ ಹಿಡಿದಳು. ಅದನ್ನು ತೆಗೆದುಕೊಳ್ಳಲು ಕೈ ಎತ್ತಿದ ಅಜ್ಜಿ ಅಲ್ಲಿಗೇ ನಿಲ್ಲಿಸಿದಳು. ಅವಳು ನನ್ನ ಭುಜದ ಮೇಲಿಂದ ಗಾಜಿನ ಕೋಣೆಯ ಕಡೆ ನೋಡುತ್ತಿದ್ದಳು.

"ಆ ಗದ್ವಾಲದಾಕಿ ಯಾಕ ಹಂಗ ಕುಂತಾಳ?"

ಗೈಡಿಗೆ ಕನ್ನಡ ಬಾರದಿದ್ದರೂ ತಲೆ ತಗ್ಗಿಸಿದ.

"ನಾ ಕಂಪ್ಲೇಂಟ್ ಕೊಟ್ಟೀನಿ," ಅಂದೆ. "ಅಕಿನ ತಗೊಂಡಾಳ ಅಂತ."

"ನೀ ನೋಡಿದ್ದೇನು?"

"ಇಲ್ಲ."

"ಹೋಗು. ಅಕೀನ ಎಬ್ಬಿಸಿ ಬಾ."

"ಹೋಗ್ತೀನಿ, ಮದ್ಲು ಇದನ್ನ ಕುಡಿ. ಗುಳಿಗಿ ತಗೊಂಡು ಒಂದೂವರಿ ತಾಸಾತು. ನೀ ಬಿದ್ರ..."

"ನೀ ಮಾತಾಡಿದಷ್ಟೂ ಹೊತ್ತು ಹೋಗ್ತದ."

ಇದಕ್ಕೆ ಎದುರುತ್ತರ ಇತ್ತೇನೋ. ಹುಡುಕಲು ನಿಲ್ಲದೆ ಮೇಜಿನತ್ತ ಓಡಿದೆ.

ಮೇಲ್ವಿಚಾರಕನಿಗೆ ವಸ್ತು ನಮ್ಮವರ ಕೈಯಲ್ಲೇ ಇತ್ತು ಎಂದೆ. ಅವನು ಸಿಟ್ಟಾಗಲಿಲ್ಲ, ಆಗಿದ್ದರೆ ನನಗೆ ಹಗುರವಾಗುತ್ತಿತ್ತು. ಒಳ್ಳೆಯದಾಯಿತು, ವಸ್ತು ಸಿಕ್ಕಿತು ಎಂದು ಅರ್ಜಿಯ ಕೆಳಗೆ ಬರೆದು ಸಹಿ ಮಾಡಿ ಅಂದ. ಪೆನ್ನು ತೆಗೆದುಕೊಂಡವಳು ತಡೆದೆ. ಸಿಕ್ಕಿತು ಎಂದರೆ ಕಳೆದಿತ್ತು ಎಂದಾಗುತ್ತದೆ. ಹೆದರಿ ಹಿಂದಿರುಗಿಸಿದಳು ಎಂದೂ ಯಾರಾದರೂ ಓದಿಕೊಳ್ಳಬಹುದು. ಹಾಗೆ ಬರೆಯಲಾರೆ ಎಂದೆ. ಅವನು, ಅಷ್ಟು ಸಾಕು, ನಿಮ್ಮ ಬಸ್ಸು ಕಾಯುತ್ತಿದೆ ಅಂದ. ಅತ್ತ ಅವ್ವ ಸೆರಗಿನಿಂದ ಅಜ್ಜಿಯ ಕತ್ತು ಒರೆಸುತ್ತಿದ್ದಳು. ಅಜ್ಜಿಯ ತಲೆ ಒಂದು ಬದಿಗೆ ವಾಲಿತ್ತು. ಸಹಿ ಮಾಡಿ ಓಡಿಬಿಡಬಹುದಿತ್ತು. ಸಣ್ಣ ಸುಳ್ಳು, ಒಂದು ಗುಟುಕು ರಸ. ಅದೂ ಒಂದು ವಾದವೇ. ಪೆನ್ನು ಒತ್ತಿ ಬರೆದೆ: ವಸ್ತು ಟ್ರೇಯಲ್ಲಿ ಎಂದೂ ಇರಲಿಲ್ಲ. ಇಟ್ಟದ್ದನ್ನು ನಾನು ನೋಡಿರಲಿಲ್ಲ. ಈ ಹೆಂಗಸಿನ ಮೇಲೆ ನಾನು ಹೊರಿಸಿದ್ದು ಸುಳ್ಳು. ಆರೋಪ ಬರೆದ ಸಾಲುಗಳಷ್ಟೇ ದೊಡ್ಡ ಅಕ್ಷರದಲ್ಲಿ ಬರೆದೆ. ಇದರ ಪ್ರತಿ ಅವಳಿಗೂ ಕೊಡಿ ಅಂದೆ. ಅವನು ನನ್ನನ್ನು ಒಮ್ಮೆ ನೋಡಿ, ಯಂತ್ರಕ್ಕೆ ಹಾಕಿ ಪ್ರತಿ ತೆಗೆದ.

ಗದ್ವಾಲದ ಹೆಂಗಸು ಎದ್ದಳು. ಮುಲಾಮು, ಕಾರ್ಡು, ಚಪಾತಿ, ಕೀಲಿ, ಒಂದೊಂದೇ ಕಿಸೆಗೆ ಸೇರಿಸಿದಳು. ಕಾಗದವನ್ನು ಓದದೆ ನಾಲ್ಕು ಮಡಿಕೆ ಮಾಡಿದಳು. ನಾನು ಬಾಗಿಲಲ್ಲಿ ನಿಂತು, ನನಗೆ ಬರುವ ಹರಕು ತೆಲುಗಿನಲ್ಲಿ, "ತಪ್ಪು ನಾದಿ ಅಕ್ಕಾ," ಅಂದೆ. ತಪ್ಪು ನನ್ನದು. ಇನ್ನೂ ಏನೋ ಹೇಳುವವಳಿದ್ದೆ.

"ಜರಗಂಡಮ್ಮಾ," ಅಂದಳು. ಸರಿಯಿರಿ, ದಾರಿ ಬಿಡಿ. ಯಂತ್ರದ ಬಾಯಲ್ಲಿ ಖಾಲಿ ಟ್ರೇಗಳು ಒಂದರ ಮೇಲೊಂದು ಒಟ್ಟಿಕೊಂಡಿದ್ದವು. ನಾನು ಸರಿದೆ. ಅವಳು ಹೋಗಿ ಅವನ್ನು ಜೋಡಿಸತೊಡಗಿದಳು. ಅಜ್ಜಿಯ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ.

ಅಜ್ಜಿ ಗಾಜಿನ ಆಚೆಯಿಂದಲೇ ಆ ಹೆಂಗಸು ಎದ್ದದ್ದನ್ನು ಕಂಡಿದ್ದಳು. ಅವ್ವನ ಕೈಯಿಂದ ಲೋಟ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದಳು. ಹಿಡಿದರೂ ಅರ್ಧ ರಸ ಸೀರೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಅವಳು ನಿಲ್ಲಿಸದೆ ಕುಡಿದಳು.