ಹೊನ್ನಾರಿನ ದಿನ ಬಂದ ಹೊಸ ಬಸ್ಸು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಸ್ಸು ತೊಳೆಯಲು ಸೇರಿದವನು ನಾನು. ಕ್ಲೀನರ್ ಆಗಿ, ಕಂಡಕ್ಟರ್ ಆಗಿ, ಇಪ್ಪತ್ತೈದು ತುಂಬುವಷ್ಟರಲ್ಲಿ ಸ್ಟೇರಿಂಗ್ ಹಿಡಿದೆ. ಯಾರ ಶಿಫಾರಸೂ ಇರಲಿಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ದಿನಕ್ಕೆ ಮೂರು ಟ್ರಿಪ್ಪು. ಖಾಸಗಿ ಬಸ್ಸು, ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ದಾರಿಯ ಜನವನ್ನೆಲ್ಲ ಬಾಚಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಕನ್ನಡಿಯಲ್ಲಿ ಅವನನ್ನು ನೋಡುತ್ತಲೇ ಬದುಕಿದೆ. ಊಟಕ್ಕೆ ಕೂತರೂ ಕಿವಿ ಅವನ ಹಾರನ್ನಿನ ಕಡೆಗೇ.

ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ, ತೊಣ್ಣೂರಿನ ಹತ್ತಿರ ಒಬ್ಬ ಅಜ್ಜಿ ಇಳಿಯುತ್ತಿದ್ದರು. ಎರಡನೇ ಕಾಲು ನೆಲ ಮುಟ್ಟುವ ಮೊದಲೇ ಬಸ್ಸು ಬಿಟ್ಟೆ. ಬಿದ್ದರು. ಪೆಟ್ಟಾಗಲಿಲ್ಲ. ಸೀರೆ ಕೊಡವಿಕೊಂಡು ಎದ್ದು, "ವೋಗಪ್ಪ, ನಿಂಗೆ ಟೈಮಾಯ್ತದೆ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ವಾರವೇ ಕೀಲಿಯನ್ನು ಬಸ್ಸಿನ ಸಾಹುಕಾರರ ಮೇಜಿನ ಮೇಲಿಟ್ಟು, ಇನ್ನು ಬರುವುದಿಲ್ಲವೆಂದು ಹೇಳಿ, ಶೀಳನೆರೆ ಹತ್ತಿರದ ನಮ್ಮೂರಿಗೆ ಬಂದೆ.

ಯುಗಾದಿಗೆ ಹೊನ್ನಾರು, ವರ್ಷದ ಮೊದಲ ಉಳುಮೆ. ಎತ್ತು ತೊಳೆದು, ನೇಗಿಲು ಪೂಜಿಸಿ ಐದು ಸಾಲು ಹೊಡೆಯಬೇಕು. ಚಾಟಿ ಕೈಯಲ್ಲಿರಬಹುದು, ಎತ್ತಿಗೆ ತಾಗಿಸಬಾರದು. ಅದು ನಮ್ಮ ಮನೆಯ ಪದ್ಧತಿ. ಆ ವರ್ಷ ದೊಡ್ಡಪ್ಪ ನೇಗಿಲನ್ನು ನನ್ನ ಕೈಗೆ ಕೊಟ್ಟು ಊರವರ ಜೊತೆ ಬದುವಿನ ಮೇಲೆ ಕೂತರು.

ಎರಡನೇ ಸಾಲಿನಲ್ಲಿದ್ದಾಗ ರಸ್ತೆಯಲ್ಲಿ ಬಸ್ಸು ನಿಂತಿತು. ನನ್ನ ಹಳೆಯ ಕಂಡಕ್ಟರು ಇಳಿದು ಓಡಿಬಂದ.

"ಅಣ್ಣೋ, ಸಾವ್ಕಾರ್ರು ವಸಾ ಗಾಡಿ ತಂದವ್ರೆ, ಅಗೋ ನಿಂತದೆ. ನೀನೇ ಓಡುಸ್ಬೇಕಂತೆ. ಈಗಿರೋನು ಟೆಂಪ್ರವರಿ. ಬಿರ್ರನೆ ಬಾ, ಟೈಮಾಯ್ತು."

ಆ ಕೊನೆಯ ಮಾತು ಕೇಳಿದ್ದೇ ತಡ, ನನ್ನ ಕೈ ತಾನಾಗಿ ಚಾಟಿ ಬೀಸಿತ್ತು. ಎತ್ತುಗಳು ನುಗ್ಗಿ ಸಾಲು ಸೊಟ್ಟಗಾಯಿತು.

"ಯಾಕ್ಲಾ, ಇಂದ್ಗಡೆ ಬಸ್ಸು ಬತ್ತಾ ಅದಾ?" ದೊಡ್ಡಪ್ಪ ಕೂತಲ್ಲಿಂದಲೇ ಕೇಳಿದರು.

ಬದುವಿನ ಮೇಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ನಾನೇ ಉಜ್ಜಿ ತೊಳೆದಿದ್ದ ಎತ್ತಿನ ಬೆನ್ನಿನ ಮೇಲೆ ಬಾಸುಂಡೆ ಎದ್ದಿತ್ತು. ಚಾಟಿಯನ್ನು ದೊಡ್ಡಪ್ಪನ ಕಾಲ ಬಳಿ ಇಟ್ಟು, ಎತ್ತುಗಳನ್ನು ತಿರುಗಿಸಿ ತಂದು ಸಾಲಿನ ಬುಡದಲ್ಲಿ ನಿಲ್ಲಿಸಿದೆ.

"ಬರಾಕಿಲ್ಲ ಅಂತ ಯೋಳ್ಲಾ," ಕಂಡಕ್ಟರಿಗೆ ಅಂದೆ.

"ಗಾಡಿ ನೋಡ್ಕಂಡಾದ್ರೂ ಬಾರಣ್ಣ. ಮುಂದ್ಲ ಗಾಜು ಎಷ್ಟಗಲ ಅದೆ ಗೊತ್ತಾ?"

"ನೋಡುದ್ರೆ ಸ್ಟೇರಿಂಗ್ ಮುಂದೆ ಕುಂತ್ಬುಡ್ತೀನಿ ಕಣ್ಲಾ. ಅದ್ಕೇ ನೋಡಾಕಿಲ್ಲ."

ಹಾರನ್ನು ಎರಡು ಸಲ ಕೂಗಿತು. ಅವನು ಓಡಿದ. ನಾನು ರಸ್ತೆಗೆ ಬೆನ್ನು ಹಾಕಿ ಎರಡನೇ ಸಾಲನ್ನು ಮೊದಲಿಂದ ಹೊಡೆದೆ, ಎತ್ತುಗಳು ನಡೆದಷ್ಟೇ ವೇಗದಲ್ಲಿ. ಐದೂ ಮುಗಿಯುವ ಹೊತ್ತಿಗೆ ಬಿಸಿಲೇರಿ, ಮನೆಯಲ್ಲಿ ಒಬ್ಬಟ್ಟು ಆರಿಹೋಯಿತೆಂದು ದೊಡ್ಡಪ್ಪ ಗೊಣಗುತ್ತಿದ್ದರು.