ಜೇಕು ಇಲ್ಲದ ಜಾಗ

ನನಗೆ ಸಿಟ್ಟು ಜಾಸ್ತಿ. ಹೊಸದುರ್ಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಸುಟ್ಟ ಮೋಟರ್ ಹೊತ್ತು ತಂದು ಸಂಜೆಗೇ ಬೇಕು ಎನ್ನುವವರ ಮೇಲೆ ಕೂಗಾಡಿ ಕೂಗಾಡಿ ಗಂಟಲು ಒಡೆದುಹೋಗಿದೆ. ಆದರೆ ಈ ಜನ್ಮದಲ್ಲಿ ನಾನು ಅತಿ ಹೆಚ್ಚು ಬೈದದ್ದು ಮನುಷ್ಯರನ್ನಲ್ಲ, ಒಂದು ಹುಲ್ಲನ್ನು. ಜೇಕು ಅಂತ ಅದರ ಹೆಸರು. ನೋಡಲು ಬಡಪಾಯಿ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬಂದದ್ದು ಬರೀ ಎಲೆ. ಗಡ್ಡೆಗಳು ಮಣ್ಣೊಳಗೇ ಕೂತಿರುತ್ತವೆ, ಒಂದಕ್ಕೊಂದು ದಾರ ಕಟ್ಟಿಕೊಂಡು, ಸರ ಪೋಣಿಸಿದ ಹಾಗೆ. ಒಂದು ಕಿತ್ತರೆ ವಾರದೊಳಗೆ ನಾಲ್ಕು ಏಳುತ್ತವೆ. ಥೂ, ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಮಾಡದಕೆರೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮದು ಅರ್ಧ ಎಕರೆ ತೋಟ. ಮನೆಗೆ ಕೂಗಳತೆ ದೂರ. ಅವ್ವ ಅದರಲ್ಲಿ ಕನಕಾಂಬರ, ಬದನೆ, ಒಂದಿಷ್ಟು ಸೊಪ್ಪು ಬೆಳೆಯುತ್ತಿದ್ದಳು. ಅಪ್ಪ ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ಆ ತೋಟದಲ್ಲೇ, ಬೋರಿನ ಮಗ್ಗುಲಿಗೆ, ಕೂರಿಸಿ ಮಣ್ಣು ಮಾಡಿದೆವು. ಮಾರನೇ ದಿನ ಮಳೆ ಬಂದು ಮಣ್ಣು ಕುಸಿಯಿತು. ಹಾಲುತುಪ್ಪ ಬಿಡುವ ದಿನಕ್ಕೆ ಅಪ್ಪನ ಗುಡ್ಡೆ ನೆಟ್ಟಗೆ ಕಾಣಲಿ ಅಂತ ನಾನೇ ಒಂದು ಟ್ರಾಕ್ಟರ್ ಕೆರೆಗೋಡು ತರಿಸಿ ಏರಿಸಿದೆ. ಕೆರೆಯಂಗಳದ ಒಳ್ಳೇ ಕಪ್ಪು ಮಣ್ಣು. ಬಂದವರೆಲ್ಲ "ಚೆಂದಾಗಿ ಮಾಡ್ಸೀಯಪ್ಪ" ಅಂದರು. ನನಗೂ ಹೆಮ್ಮೆಯಾಯಿತು. ಹದಿನೈದು ದಿನಕ್ಕೆ ಆ ಗುಡ್ಡೆಯ ತುಂಬ ಹಸಿರು ಮೊಳಕೆ.

"ಈ ದರಿದ್ರ ಎಲ್ಲಿಂದ ಬಂತಲೇ? ನಮ್ಮ ತೋಟದಾಗೆ ಒಂದಿನಾನೂ ಕಂಡಿರ್ಲಿಲ್ಲ" ಅಂದಳು ಅವ್ವ.

"ಹಕ್ಕಿಗಿಕ್ಕಿ ತಂದಿರ್ತವೆ ಬಿಡವ್ವ" ಅಂದೆ.

ಗಡ್ಡೆ ಬಂದದ್ದು ಕೆರೆಗೋಡಿನ ಜೊತೆಗೆ ಅಂತ ನನಗೆ ಆ ಕ್ಷಣಕ್ಕೇ ಹೊಳೆದಿತ್ತು. ಹೇಳುವ ಧೈರ್ಯ ಆಗಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಮುಂದಿನ ಮುಂಗಾರಿಗೆ ಅದು ಕನಕಾಂಬರದ ಮಡಿಗೆ ಇಳಿಯಿತು. ಅವ್ವ ಸಣ್ಣ ಗುದ್ದಲಿ ಹಿಡಿದು ಕೂತು ಒಂದೊಂದೇ ಗಡ್ಡೆ ಅಗೆಯುತ್ತಿದ್ದಳು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಪಕ್ಕದ ಊರಿನಿಂದ ಟಿಲ್ಲರ್ ತರಿಸಿ ಇಡೀ ಮಡಿ ಹೊಡೆಸಿಬಿಟ್ಟೆ. ಮಣ್ಣು ರಾಗಿ ಹಿಟ್ಟಿನ ಹಾಗೆ ನುಣ್ಣಗಾಯಿತು, ಗೆದ್ದೆ ಅಂದುಕೊಂಡೆ. ಟಿಲ್ಲರಿನ ಬ್ಲೇಡು ಆ ಸರವನ್ನೆಲ್ಲ ತುಂಡು ತುಂಡು ಮಾಡಿ ಮೂಲೆ ಮೂಲೆಗೆ ಬಿತ್ತಿತ್ತು. ತಿಂಗಳೊಳಗೆ ನೀರು ಹರಿಯುವ ಕಡೆಯಲ್ಲೆಲ್ಲ ಜೇಕೇ ಜೇಕು. ಬಡಗಣ ತುದಿಯಲ್ಲಿ, ಬೋರಿನ ನೀರು ಹತ್ತದ ಕಲ್ಲುಮಿಶ್ರಿತ ಕೆಂಪು ನೆಲದ ಒಂದು ಪಟ್ಟಿ ಮಾತ್ರ ಉಳಿದುಕೊಂಡಿತು.

ಅವ್ವ ಆ ವರ್ಷವೇ ಆ ಮಾತು ಆಡಿದ್ದು. ಅಪ್ಪನ ಗುಡ್ಡೆಯ ಎಡಕ್ಕೆ ಒಂದು ಚಾಪೆಯಷ್ಟು ಜಾಗವನ್ನು ಗುದ್ದಲಿಯಿಂದ ಗೀರಿ ತೋರಿಸಿದಳು.

"ನನ್ನನ್ನ ಇಲ್ಲಿ ಕೂರಿಸ್ರಿ, ನಿಮ್ಮಪ್ಪನ ಮಗ್ಗುಲಿಗೆ. ಆದ್ರೆ ಅಷ್ಟರೊಳಗೆ ಈ ಜೇಕು ತೆಗೀಬೇಕು ನೀನು. ಬದುಕಿದ್ದಾಗ ಇದರ ಜೊತಿಗೆ ಗುದ್ದಾಡಿದ್ದು ಸಾಕು. ಸತ್ತ ಮ್ಯಾಲೂ ನನ್ನ ನೆತ್ತಿ ಮ್ಯಾಲೆ ಬೆಳೀಬಾರ್ದು."

"ಆಯ್ತು ಬಿಡವ್ವ, ನೀನೇನು ನಾಳೆನೇ ಹೊಂಟೀಯ?" ಎಂದು ನಕ್ಕೆ. ಅವಳು ನಗಲಿಲ್ಲ.

ಚಾಪೆಯಷ್ಟು ಜಾಗ. ಅದೇನು ಮಹಾ ಕೆಲಸ ಅಂದುಕೊಂಡೆ. ಆದರೆ ಅಪ್ಪನ ಗುಡ್ಡೆಗೆ ಕೈ ಹಚ್ಚುವಂತಿರಲಿಲ್ಲ. ಅದನ್ನು ಅಗೆಯಲು ಅವ್ವ ಬಿಡುವುದಿಲ್ಲ. ಎಲೆ ಕೊಯ್ಯಬಹುದು, ಅಷ್ಟೇ. ನಾನು ಮಗ್ಗುಲ ಜಾಗವನ್ನು ಎಷ್ಟು ಹಸನು ಮಾಡಿದರೂ ಗುಡ್ಡೆಯಿಂದ ಬೇರು ಇಳಿದು ಮತ್ತೆ ಬರುತ್ತಿತ್ತು. ಕೊನೆಗೆ ಶ್ರಾವಣದ ಒಂದು ಸೋಮವಾರ ಅವ್ವ ಓಣಿಯ ಹೆಂಗಸರ ಜೊತೆ ಹಾಲುರಾಮೇಶ್ವರಕ್ಕೆ ಹೋದದ್ದೇ ತಡ, ಅಂಗಡಿಗೆ ಬೀಗ ಹಾಕಿ ಬಂದು, ಕಳೆ ಔಷಧಿಯ ಕ್ಯಾನು ಬೆನ್ನಿಗೇರಿಸಿ ಇಡೀ ತೋಟಕ್ಕೆ ಹೊಡೆದೆ. ಗುಡ್ಡೆಗೂ ಹೊಡೆದೆ.

ಅವ್ವ ಮಧ್ಯಾಹ್ನಕ್ಕೇ ಬಂದುಬಿಟ್ಟಳು. ತೋಟಕ್ಕೆ ಕಾಲಿಟ್ಟವಳಿಗೆ ವಾಸನೆ ಹೊಡೆಯಿತು. ಗುಡ್ಡೆಯ ಹತ್ತಿರ ಹೋಗಿ ಒಂದು ಎಲೆ ಮುಟ್ಟಿ ಮೂಸಿದಳು.

"ಹೆತ್ತಪ್ಪನ ನೆತ್ತಿಗೆ ವಿಷ ಹೊಯ್ದ್ಯಲ್ಲಲೇ!"

ಕೈಯಲ್ಲಿದ್ದ ಪ್ರಸಾದವನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಬೋರಿನ ತೊಟ್ಟಿಯಿಂದ ಕೊಡಪಾನ ತುಂಬಿ ತಂದು ಗುಡ್ಡೆಯ ಮೇಲೆ ಸುರಿಯತೊಡಗಿದಳು. ಸುರಿದಳು, ಹೋದಳು, ಮತ್ತೆ ತಂದಳು. ಎಪ್ಪತ್ತು ದಾಟಿದ ಜೀವ, ಸೀರೆಯೆಲ್ಲ ಕೆಸರು. ಔಷಧಿ ಎಲೆಗೆ ಹಿಡಿಯುವ ಮುಂಚೆಯೇ ತೊಳೆದುಹೋಗುವುದು ಕಂಡು ನನಗೆ ತಡೆಯಲಾಗಲಿಲ್ಲ.

"ನಿನಗೋಸ್ಕರಾನೇ ಸಾಯ್ತಾ ಇದೀನಲ್ಲ ನಾನು! ಹಂಗಾರೆ ಜೇಕಿನಾಗೇ ಕುಂತ್ಕ ಹೋಗು!" ಅಂದುಬಿಟ್ಟೆ.

ಅವ್ವ ಕೊಡಪಾನ ಕೆಳಗಿಟ್ಟು ನನ್ನನ್ನು ನೋಡಿದಳು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ತೋಟದ ಜೇಕೆಲ್ಲ ಹಳದಿಗೆ ತಿರುಗಿತು, ಗುಡ್ಡೆಯ ಮೇಲಿನದು ಹಸಿರಾಗಿಯೇ ನಿಂತಿತು. ಆ ಮಾತು ನನ್ನ ಬಾಯಿಂದ ಯಾಕೆ ಬಂತು ಅಂತ ನೆನೆದಾಗೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಮೇಲೆ ನಾನು ದಾರಿಗೆ ಬಂದೆ. ಅಂಗಡಿಗೆ ಭಾನುವಾರ ರಜ. ಪ್ರತಿ ಭಾನುವಾರ ಬೆಳಗಿನ ರೊಟ್ಟಿ ತಿಂದು ಗುದ್ದಲಿ, ಮರಳು ಸೋಸುವ ಜರಡಿ ತಗೊಂಡು ತೋಟಕ್ಕೆ ಹೋಗುತ್ತಿದ್ದೆ. ನಾನು ಮೊಣಕೈ ಆಳಕ್ಕೆ ಅಗೆದು ಜರಡಿಗೆ ಹಾಕುವುದು, ಅವ್ವ ಗೋಣಿಚೀಲದ ಮೇಲೆ ಕೂತು ಗಡ್ಡೆ ಆರಿಸಿ ಡಬ್ಬಿಗೆ ಹಾಕುವುದು. ಡಬ್ಬಿ ತುಂಬಿದರೆ ಬಂಡೆಯ ಮೇಲೆ ಒಣಹಾಕಿ ಸುಡುವುದು. ಕೆಲಸದ ಜೊತೆಗೆ ಅವಳ ಬಾಯಿಯೂ ನಡೆಯುತ್ತಿತ್ತು. ತವರುಮನೆ, ಅವಳು ಮದುವೆಯಾಗಿ ಬಂದ ವರ್ಷ, ಜವನಗೊಂಡನಹಳ್ಳಿಗೆ ಕೊಟ್ಟ ನಮ್ಮ ಅಕ್ಕನ ಅತ್ತೆಯ ಜಿಪುಣತನ, ಎಲ್ಲ. ನಾನು ಹೂಂ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಕೇಳಿಸಿಕೊಳ್ಳುತ್ತಿರಲಿಲ್ಲ, ನನ್ನ ಕಣ್ಣೆಲ್ಲ ಗಡ್ಡೆಯ ಮೇಲೆ. ಬೇಸಿಗೆಯಲ್ಲಿ ಆ ಜಾಗ ಬೋಳಾಗುತ್ತಿತ್ತು. ಎರಡು ಮಳೆ ಬಿದ್ದರೆ ಗುಡ್ಡೆಯ ಕಡೆಯಿಂದ ಮತ್ತೆ ಮೊನೆ ಏಳುತ್ತಿತ್ತು. ಔಷಧಿಗೆ ಒಣಗಿದ್ದ ಉಳಿದ ತೋಟದ ಜೇಕೂ ಗಡ್ಡೆಯಿಂದ ಮತ್ತೆ ಚಿಗುರಿತ್ತು. ಹೀಗೆ ನಾಲ್ಕು ವರ್ಷ.

ಹೋದ ವರ್ಷ ಹಿಂಗಾರು ಬಿಡದೆ ಸುರಿಯಿತು. ತೋಟಕ್ಕೆ ಕಾಲಿಡಲಾಗದೆ ಏಳೆಂಟು ಭಾನುವಾರ ತಪ್ಪಿದವು. ಕಾರ್ತೀಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಒಲೆ ಮುಂದೆ ಕೂತಿದ್ದ ಅವ್ವ ಹಾಗೇ ಗೋಡೆಗೆ ಒರಗಿದಳು. ಮನೆಯಾಕೆ ಕೂಗಿದ್ದು ಕೇಳಿ ಓಡಿಬಂದೆ. ಆಗಲೇ ಎಲ್ಲ ಮುಗಿದಿತ್ತು.

ಕುಣಿ ತೋಡುವವರನ್ನು ಕರೆದುಕೊಂಡು ಚಿಕ್ಕಪ್ಪನೂ ನಾನೂ ತೋಟಕ್ಕೆ ಹೋದೆವು. ಅವ್ವ ಗೀರಿ ತೋರಿಸಿದ್ದ ಜಾಗದಲ್ಲಿ ಜೇಕು ಮೊಣಕಾಲುದ್ದ ನಿಂತಿತ್ತು. ಒಂದು ಗುದ್ದಲಿ ಹಾಕಿ ಮಣ್ಣು ಎತ್ತಿದೆ. ಹೆಂಟೆಯ ತುಂಬ ಕಪ್ಪು ಗಡ್ಡೆ. ಜರಡಿ ಹಿಡಿಯಲು ಹೊತ್ತೆಲ್ಲಿತ್ತು? ಜೇಕಿನಾಗೇ ಕುಂತ್ಕ ಅಂದಿದ್ದೆನಲ್ಲ, ಆ ಮಾತು ನಿಜವಾಗಲು ಬಿಡಬಾರದು ಅನ್ನಿಸಿತು.

"ಇಲ್ಲಿ ಬ್ಯಾಡ. ಬಡಗಣ ತುದಿಗೆ ತೋಡ್ರಿ" ಅಂದೆ.

"ಗಂಡನ ಮಗ್ಗುಲು ಬಿಟ್ಟು ಅಷ್ಟು ದೂರಾನಾ? ಯೋಚ್ನೆ ಮಾಡಪ್ಪ" ಅಂದರು ಚಿಕ್ಕಪ್ಪ.

"ಅವ್ವ ನನ್ನ ಕೈಲಿ ಮಾತು ತಗಂಡಾಳೆ. ತೋಡ್ರಿ ನೀವು."

ಕೆಂಪು ನೆಲ ಗಟ್ಟಿ. ಹಾರೆ ಹಾಕಿ ಹಾಕಿ ತೋಡಿದರು. ಬಂದ ಮಣ್ಣನ್ನು ನಾನು ಕೂತು ಕೈಯಲ್ಲಿ ಪುಡಿಮಾಡಿ ನೋಡಿದೆ. ಸ್ವಚ್ಛ. ಅವ್ವನಿಗೆ ಕೊಟ್ಟ ಮಾತಿನಲ್ಲಿ ಅರ್ಧವಾದರೂ ಉಳಿಸಿಕೊಂಡೆ ಅಂತ ಅಷ್ಟು ಸಂಕಟದಲ್ಲೂ ಸ್ವಲ್ಪ ಸಮಾಧಾನವಾಯಿತು.

ನಾಲ್ಕು ಗಂಟೆಯ ಹೊತ್ತಿಗೆ ಅವ್ವನನ್ನು ಕೂರಿಸಿಕೊಂಡು ಬಂದರು. ಜವನಗೊಂಡನಹಳ್ಳಿಯಿಂದ ಬಂದ ಅಕ್ಕ ಅಳುತ್ತ ಹಿಂದೆಯೇ ಇದ್ದಳು. ಕುಣಿ ನೋಡಿದವಳೇ ಅಳು ನಿಲ್ಲಿಸಿದಳು.

"ಇಲ್ಯಾಕಲೇ ತೋಡ್ಸೀಯ?"

"ಜೇಕಿಲ್ಲದ ಜಾಗ ಇದೊಂದೇ ಕಣಕ್ಕ. ಅವ್ವ ಕೇಳಿದ್ದು ಅದೇ ಅಲ್ವಾ?"

"ಅಯ್ಯೋ ಪಾಪಿ! ದೀಪಾವಳಿಗೆ ಬಂದಾಗ ನನ್ನ ಕೈಲಿ ಹೇಳಿದ್ಲಲ್ಲೋ. ಜೇಕಿದ್ರೆ ಇರ್ಲಿ, ನನ್ನನ್ನ ಅವರ ಮಗ್ಗುಲಿಗೇ ಕೂರಿಸ್ರಿ ಅಂದ್ಲು. ನಿನಗೆ ಮಾತ್ರ ಹೇಳಬ್ಯಾಡ ಅಂದ್ಲು."

"ಯಾಕೆ?"

"ಹೇಳಿದ್ರೆ ಕೀಳೋದು ಬಿಟ್ಬಿಡ್ತಾನೆ, ಭಾನುವಾರ ಒಂದೊತ್ತು ನನ್ನ ಜೊತಿಗೆ ಕುಂತಿರ್ತಾನೆ, ಅದೂ ತಪ್ಪಿ ಹೋಗ್ತೈತೆ ಅಂದ್ಲು."

ಚಿಕ್ಕಪ್ಪನ ಕೈ ಹಿಡಿದುಕೊಂಡೆ. "ಇದನ್ನ ಮುಚ್ಚಿಬಿಡಾಣ, ಅಲ್ಲಿ ತೋಡಾಣ, ನಾನೇ ತೋಡ್ತೀನಿ" ಅಂದೆ. ಅವರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದರು. ಅಯ್ಯನವರು ಬೇಡವೆಂದು ತಲೆಯಾಡಿಸಿದರು.

"ತೋಡಿದ ಕುಣಿ ಖಾಲಿ ಮುಚ್ಚಬಾರ್ದು. ಮನ್ಯಾಗೆ ಇನ್ನೊಬ್ಬರನ್ನ ಕೇಳ್ತೈತೆ. ಹೊತ್ತೂ ಮುಳುಗ್ತಾ ಐತೆ. ಆಗಿದ್ದಾತು, ಕೂರಿಸ್ರಿ."

ಅಕ್ಕನಿಗೆ ಮಕ್ಕಳಿದ್ದಾರೆ, ನನಗೂ ಇದ್ದಾರೆ. ಯಾರೂ ಎದುರಾಡಲಿಲ್ಲ. ವಿಭೂತಿ, ಬಿಲ್ವಪತ್ರೆ ಇಟ್ಟು ಅವ್ವನನ್ನು ಇಳಿಸಿದರು. ಅಪ್ಪನ ಗುಡ್ಡೆ ಅಲ್ಲಿ, ಅವಳು ಇಲ್ಲಿ, ನಡುವೆ ಇಡೀ ತೋಟ.

ಮೊದಲ ಮಣ್ಣು ಮಗ ಹಾಕಬೇಕು. ಬೊಗಸೆ ತುಂಬ ತಗೊಂಡೆ. ಒಂದು ಗಡ್ಡೆ ಇಲ್ಲ, ಒಂದು ಬೇರಿನ ಎಳೆ ಇಲ್ಲ. ಕೈ ಬಿಡಿಸಲು ಆಗಲಿಲ್ಲ.

"ಹಾಕಪ್ಪ, ಹೊತ್ತಾತು" ಅಂದರು ಚಿಕ್ಕಪ್ಪ.

ಹಾಕಿದೆ.